ನನ್ನನ್ನು ಬಿಟ್ಟು ಊರಿಗೆ ಹೋದ ಕೆಲಸ

ಇಂಗ್ಲೆಂಡಿಗೆ ಬಂದ ಮೂರನೆಯ ದಿನ ಬಸ್ಸಿನ ಡ್ರೈವರ್ ನನ್ನನ್ನು ‘ಪೆಟ್’ ಎಂದು ಕರೆದ. ಟಿಕೆಟ್ ಕೈಗಿಡುತ್ತ, ಮುಖವನ್ನೂ ಎತ್ತದೆ, ದಿನವೂ ಕರೆಯುವವನಂತೆ ಸಲೀಸಾಗಿ ಕರೆದ. ಅಲ್ಲಿಯವರೆಗೆ ಆ ಪದವನ್ನು ನಾನು ಕೇಳಿದ್ದು ಶಿವಮೊಗ್ಗದಲ್ಲಿ. ನಾನು ಕೆಲಸ ಮಾಡುತ್ತಿದ್ದ ನರ್ಸಿಂಗ್ ಹೋಮಿನ ಡಾಕ್ಟರ ಹೆಂಡತಿ ತಮ್ಮ ಬಿಳಿ ಪೊಮೇರಿಯನ್ ನಾಯಿಯನ್ನು ತೊಡೆಯ ಮೇಲಿಟ್ಟುಕೊಂಡು ‘ಇದು ನಮ್ಮ ಪೆಟ್’ ಎನ್ನುತ್ತಿದ್ದರು. ಸೀಟಿನಲ್ಲಿ ಹೋಗಿ ಕೂತ ಮೇಲೂ ನನ್ನ ಕಿವಿಯ ಬಿಸಿ ಆರಲಿಲ್ಲ. ಕಪ್ಪು ಬಣ್ಣದವಳೆಂದು ಹಾಗೆ ಕರೆದನೋ, ಸೀರೆ ಉಟ್ಟಿದ್ದೇನೆಂದು ಕರೆದನೋ ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕಿದೆ.

ಸಂಜೆ ಆಸ್ಪತ್ರೆಯಿಂದ ಬಂದ ಗಂಡನಿಗೆ ಹೇಳಿದರೆ ಅವರು ನಗಲು ಶುರುಮಾಡಿದರು.

“ನನ್ನನ್ನೂ ಹಂಗೇ ಕರೀತಾರೆ ಮಾರಾಯ್ತಿ. ವಾರ್ಡಲ್ಲಿರೋ ಅಜ್ಜಿಯರೆಲ್ಲ ನಂಗೆ ಪೆಟ್ ಅಂತಾರೆ. ನಮ್ಮಲ್ಲಿ ‘ಪುಟ್ಟಾ’ ಅಂತಾರಲ್ಲ, ಹಂಗೆ. ಸಿಟ್ಟಾಗ್ಬೇಡ.”

ಅಂದು ನಾನೂ ನಕ್ಕೆ. ಆದರೆ ನಡುಬೀದಿಯಲ್ಲಿ ಗುರುತಿಲ್ಲದವರ ಬಾಯಲ್ಲಿ ‘ಪುಟ್ಟಾ’ ಆಗಲು ನನಗೆ ವರ್ಷವೇ ಹಿಡಿಯಿತು.

ನಾನು ಭದ್ರಾವತಿಯ ಹಳೇನಗರದವಳು. ಹೆಸರು ಗಿರಿಜಾ. ಅಪ್ಪ ಶಿವಮೊಗ್ಗ ರಸ್ತೆಯ ಒಂದು ಸಣ್ಣ ಖಾಸಗಿ ಫೌಂಡ್ರಿಯಲ್ಲಿ, ಅಂದರೆ ಕಬ್ಬಿಣ ಕರಗಿಸಿ ಅಚ್ಚಿಗೆ ಹೊಯ್ಯುವ ಕಡೆ, ಇಪ್ಪತ್ತೆಂಟು ವರ್ಷ ಕೆಲಸ ಮಾಡಿದವರು. ಅದರಲ್ಲಿ ಹೆಚ್ಚಿನ ವರ್ಷ ಅಲ್ಲಿನ ಯೂನಿಯನ್ನಿನ ಸೆಕ್ರೆಟರಿ. ನಮ್ಮದು ಬಾಡಿಗೆ ಮನೆ. ಊರಿನ ದೊಡ್ಡ ಉಕ್ಕಿನ ಕಾರ್ಖಾನೆಯವರಿಗೆಂದು ಕಟ್ಟಿದ ನ್ಯೂ ಟೌನಿನ ಕ್ವಾರ್ಟರ್ಸುಗಳು, ಅವುಗಳ ಮುಂದಿನ ದೊಡ್ಡ ಮರಗಳು, ಅಳೆದು ಎಳೆದಂತಹ ರಸ್ತೆಗಳು ಎಲ್ಲವೂ ನಮಗೆ ಭಾನುವಾರ ನೋಡಲು ಹೋಗುವ ಜಾಗ. ಮಂಜುನಾಥ್, ಅಂದರೆ ನನ್ನ ಗಂಡ, ಶಿವಮೊಗ್ಗದ ಅದೇ ನರ್ಸಿಂಗ್ ಹೋಮಿನಲ್ಲಿ ನರ್ಸ್ ಆಗಿದ್ದರು. ನಾನು ಅಲ್ಲಿ ಟೆಲಿಫೋನ್ ಬೋರ್ಡಿನ ಮುಂದೆ ಕೂರುತ್ತಿದ್ದೆ. ಗಂಡಸು ನರ್ಸಂತೆ ಎಂದು ನಮ್ಮ ನೆಂಟರೆಲ್ಲ ಬಾಯಿಗೆ ಸೆರಗಿಟ್ಟು ನಕ್ಕವರೇ. ಮದುವೆಯಾಗಿ ಎರಡು ವರ್ಷಕ್ಕೆ, ಹೊಸ ಶತಮಾನ ಆಗತಾನೆ ಶುರುವಾಗಿದ್ದಾಗ, ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳಿಗೆ ನರ್ಸುಗಳು ಬೇಕಾದರು. ನಕ್ಕವರೇ ಮನೆಗೆ ಬಂದು ಹಾರೈಸಿ ಹೋದರು.

ನಾವು ಬಂದಿಳಿದದ್ದು ಲಂಡನ್ನಿಗಲ್ಲ. ಅದಕ್ಕೂ ಎಷ್ಟೋ ಉತ್ತರಕ್ಕೆ, ಗುಡ್ಡದ ಮೇಲಿನ ಒಂದು ಊರಿಗೆ. ಅಲ್ಲಿ ಹಿಂದೆ ಉಕ್ಕಿನ ಕಾರ್ಖಾನೆ ಇತ್ತಂತೆ. ಒಗೆದು ಹರವಿದ ಬಟ್ಟೆಯ ಮೇಲೆ ಕೆಂಪು ದೂಳು ಕೂರುತ್ತಿತ್ತಂತೆ. ಅದು ಮುಚ್ಚಿ ಇಪ್ಪತ್ತು ವರ್ಷವಾಗಿ, ಕಟ್ಟಡವನ್ನೂ ಕೆಡವಿ, ಆ ಜಾಗದಲ್ಲಿ ಹುಲ್ಲು ಬೆಳೆಸಿದ್ದರು. ಅಷ್ಟು ದೂರ ಹಾರಿ ಬಂದು ಮತ್ತೊಂದು ಭದ್ರಾವತಿಗೇ ಇಳಿದೆನಲ್ಲ ಅನ್ನಿಸಿತು. ಮನೆಗಳೂ ಹಾಗೇ. ನ್ಯೂ ಟೌನಿನ ಸಾಲುಮನೆಗಳನ್ನು ಒತ್ತಿ ಒಂದಕ್ಕೊಂದು ಅಂಟಿಸಿ, ಮುಂದಿನ ಮರಗಳನ್ನು ಕಿತ್ತರೆ ಹೇಗೋ ಹಾಗೆ. ಗೋಡೆಯಾಚೆ ಪಕ್ಕದ ಮನೆಯವನು ಕೆಮ್ಮಿದರೆ ಕೇಳುತ್ತಿತ್ತು. ಆದರೆ ಆರು ತಿಂಗಳಾದರೂ ಅವನ ಮುಖ ಕಂಡಿರಲಿಲ್ಲ.

ನಮ್ಮಲ್ಲಿ ಬೆಳಗ್ಗೆ ಬಾಗಿಲು ತೆಗೆದಿಡುವುದು ಪದ್ಧತಿ. ತೆಗೆಯದಿದ್ದರೆ ಮನೆಯಲ್ಲಿ ಯಾರಿಗೋ ಹುಷಾರಿಲ್ಲವೆಂದು ಕೇಳಿಕೊಂಡು ಬರುತ್ತಾರೆ. ಇಲ್ಲಿ ಬಾಗಿಲು ತೆಗೆದಿಟ್ಟರೆ ಕಳ್ಳ ಬಂದನೇ ಎಂದು ಕೇಳುತ್ತಾರೆ. ಮಂಜುನಾಥ್ ಡ್ಯೂಟಿಗೆ ಹೋದ ಮೇಲೆ ದಿನವಿಡೀ ಮಾತಿಲ್ಲ. ಬೋರ್ಡಿನಲ್ಲಿ ದಿನಕ್ಕೆ ಮುನ್ನೂರು ಜನರ ದನಿ ಕೇಳಿದ್ದವಳಿಗೆ ಆ ಮೌನ ಉಸಿರು ಕಟ್ಟಿಸುತ್ತಿತ್ತು. ಫೋನಿನಲ್ಲಿ ಗಂಟೆ ಎಷ್ಟೆಂದು ಹೇಳುವ ಒಂದು ನಂಬರ್ ಇತ್ತು. ಗಡಿಯಾರ ಎದುರಿಗೇ ಇದ್ದರೂ ಆ ನಂಬರ್ ತಿರುಗಿಸಿ ಕಿವಿಗೆ ಹಿಡಿದುಕೊಂಡು ನಿಲ್ಲುತ್ತಿದ್ದೆ. ರೆಕಾರ್ಡ್ ಮಾಡಿಟ್ಟ ದನಿ ಎಂದು ಗೊತ್ತಿದ್ದರೂ ಇಡುವಾಗ ಥ್ಯಾಂಕ್ಸ್ ಹೇಳುತ್ತಿದ್ದೆ.

ಎರಡನೆಯ ವರ್ಷ ನನಗೆ ಕೆಲಸ ಸಿಕ್ಕಿತು. ಹಳೆಯ ಉಕ್ಕಿನ ಕಾರ್ಖಾನೆಯ ಜಾಗದ ಒಂದು ಮೂಲೆಯಲ್ಲಿ ಎದ್ದಿದ್ದ ಉದ್ದನೆಯ ತಗಡಿನ ಕಟ್ಟಡ. ಒಂದು ವಿಮಾ ಕಂಪನಿಯ ಕಾಲ್ ಸೆಂಟರ್. ಮನೆಗೆ ವಿಮೆ ಮಾಡಿಸಿದವರು ಪೈಪ್ ಒಡೆದರೆ, ಹೆಂಚು ಹಾರಿದರೆ, ಕಳ್ಳತನವಾದರೆ ಫೋನ್ ಮಾಡುತ್ತಿದ್ದರು. ಮೊದಲ ದಿನದ ಮೊದಲ ಕರೆ ಒಬ್ಬ ಮುದುಕನದು. ಅವನು ಎರಡು ನಿಮಿಷ ಮಾತಾಡಿದ; ನನಗೆ ಒಂದು ಪದವೂ ತಿಳಿಯಲಿಲ್ಲ. ಈ ಕಡೆಯವರ ಇಂಗ್ಲಿಷು ನಾವು ಕಾಲೇಜಿನಲ್ಲಿ ಓದಿದ್ದಲ್ಲ. ಚೆನ್ನಾಗಿದೆ ಅನ್ನಲು ‘ಕ್ಯಾನಿ’, ಮಗುವಿಗೆ ‘ಬೇರ್ನ್’, ಮಧ್ಯಾಹ್ನದ ಬುತ್ತಿಗೆ ‘ಬೇಟ್’ ಅನ್ನುತ್ತಾರೆ. ನೀರಿಗೂ ಬೇರೆ ಉಚ್ಚಾರ.

ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದವಳು ಮೌರೀನ್. ಐವತ್ತು ದಾಟಿದ ಹೆಂಗಸು, ಗಿಡ್ಡ ಕೂದಲು, ಕಿವಿಯ ಹಿಂದೆ ಸದಾ ಒಂದು ಪೆನ್ಸಿಲ್. ಗಂಡ ಉಕ್ಕಿನ ಕಾರ್ಖಾನೆಯಲ್ಲಿದ್ದು ಕೆಲಸ ಕಳೆದುಕೊಂಡವನು. ಆಮೇಲೆ ಇವಳ ದುಡಿಮೆಯಲ್ಲೇ ಮನೆ ನಡೆದದ್ದು. ಅವಳು ಕಾಗದದ ಮೇಲೆ ದಪ್ಪ ಅಕ್ಷರಗಳಲ್ಲಿ ಬರೆದು ನನ್ನ ಮುಂದೆ ಸರಿಸಿದಳು: ಮೇಲ್ಛಾವಣಿ ಕುಸಿದಿದೆ. ಅಜ್ಜ ಒಬ್ಬನೇ ಇದ್ದಾನೆ. ಮೊದಲು ಕುರ್ಚಿ ಮೇಲೆ ಕೂತುಕೋ ಅನ್ನು. ಪಾಲಿಸಿ ನಂಬರ್ ಆಮೇಲೆ ಕೇಳು.

ಹಾಗೇ ಮಾಡಿದೆ. ಮುದುಕ ಕೂತ. ಉಸಿರು ನಿಧಾನವಾಯಿತು. ಆಮೇಲೆ ಅವನ ಮಾತೂ ಸ್ವಲ್ಪ ಸ್ವಲ್ಪ ತಿಳಿಯಿತು. ನನ್ನ ಕೆಲಸವನ್ನು ನಾನು ಕಲಿತದ್ದು ಕಂಪನಿಯ ಪುಸ್ತಕದಿಂದಲ್ಲ, ಆ ಚೀಟಿಯಿಂದ. ಚಳಿಗಾಲ ಮುಗಿಯುವ ಹೊತ್ತಿಗೆ ಮನೆ ತುಂಬ ನೀರು ನುಗ್ಗಿ ಅಳುತ್ತಿದ್ದ ಒಬ್ಬ ಹೆಂಗಸಿಗೆ ನನಗೇ ಗೊತ್ತಿಲ್ಲದೆ “ಕೂತ್ಕೋ ಪೆಟ್, ನಾನಿದೀನಿ” ಎಂದಿದ್ದೆ. ಮೌರೀನ್ ತಿರುಗಿ ನೋಡಿ ಹೆಬ್ಬೆರಳೆತ್ತಿದಳು. ಪರದೇಶದಲ್ಲಿ ನಾನು ಗೆದ್ದ ಮೊದಲ ಬಹುಮಾನ ಅದು.

ಆಕೆಯೇ ಅಲ್ಲಿನ ಯೂನಿಯನ್ ಪ್ರತಿನಿಧಿ. ಕ್ಯಾಂಟೀನಿನಲ್ಲಿ ಒಂದು ಫಾರಂ ಮುಂದಿಟ್ಟಾಗ ನಾನು ಓದದೆ ಸಹಿ ಹಾಕಿದೆ. ಭಾನುವಾರ ಊರಿಗೆ ಫೋನ್ ಮಾಡಿ ಹೇಳಿದಾಗ ಅಪ್ಪನ ದನಿಯೇ ಬದಲಾಯಿತು.

“ಮೆಂಬರ್ ಆದ್ಯಾ? ಒಳ್ಳೇದಾಯ್ತು ಕಣಮ್ಮ. ಸೆಕ್ರೆಟರಿ ಹೆಂಗಸಾ? ಭೇಷ್. ನನ್ನ ನಮಸ್ಕಾರ ಹೇಳು ಆಯಮ್ಮಂಗೆ.”

ಅಪ್ಪನ ಫೌಂಡ್ರಿ ಮುಚ್ಚಿ ಆಗಲೇ ಐದಾರು ವರ್ಷವಾಗಿತ್ತು. ನಮಸ್ಕಾರ ಹೇಳಲು ಅವರಿಗೆ ಯೂನಿಯನ್ನಿನವರು ಯಾರೂ ಉಳಿದಿರಲಿಲ್ಲ.

ಇನ್ನೊಂದು ವರ್ಷ ಕಳೆದಿರಬೇಕು. ಒಂದು ಬೆಳಗ್ಗೆ ಫೋನುಗಳನ್ನೆಲ್ಲ ನಿಲ್ಲಿಸಿ ಮ್ಯಾನೇಜರ್ ನಮ್ಮನ್ನು ಸೇರಿಸಿದ. ಕಾಗದ ನೋಡಿಕೊಂಡು ಓದಿದ. ಅದರಲ್ಲಿ ‘ಆಫ್‌ಶೋರ್’ ಎಂಬ ಪದ ಮತ್ತೆ ಮತ್ತೆ ಬಂತು. ದಡದಾಚೆ ಎಂದು ಅರ್ಥ. ಸಮುದ್ರದೊಳಗೆ ಎಣ್ಣೆ ಬಾವಿ ತೋಡುವ ವಿಷಯವೇನೋ ಎಂದು ನಾನು ಕಣ್ಣು ಬಿಡುತ್ತಿದ್ದೆ. ಕೊನೆಗೆ ಅವನು ಊರಿನ ಹೆಸರು ಹೇಳಿದ. ಬ್ಯಾಂಗಲೋರ್.

ಇನ್ನೂರು ಜನ ಒಮ್ಮೆಗೆ ನನ್ನತ್ತ ನೋಡಿದರು. ನೋಡಬಾರದಿತ್ತೆಂದು ಹೊಳೆದು ಒಮ್ಮೆಗೇ ಮುಖ ತಿರುಗಿಸಿದರು. ಆ ಎರಡನೆಯದೇ ನನ್ನನ್ನು ಹೆಚ್ಚು ಚುಚ್ಚಿತು.

ಸುದ್ದಿ ಪತ್ರಿಕೆಗಳಲ್ಲಿ ಬಂದ ಮೇಲೆ ಫೋನಿನಲ್ಲೂ ಶುರುವಾಯಿತು. ನನ್ನ ಉಚ್ಚಾರ ಕೇಳಿದ ಕೂಡಲೇ ಜನ ಕೇಳುತ್ತಿದ್ದರು: “ಇಂಡಿಯಾದಲ್ಲಿ ಕೂತಿದ್ದೀಯಾ?” ಇಲ್ಲ ಸ್ವಾಮಿ, ನಿಮ್ಮ ಮನೆಯಿಂದ ಹದಿನೈದು ಮೈಲಿಯಲ್ಲಿ ಕೂತಿದ್ದೇನೆ, ಕಿಟಕಿಯಾಚೆ ನಿಮ್ಮದೇ ಮಳೆ ಬರುತ್ತಿದೆ ಎಂದರೆ ನಂಬುತ್ತಿರಲಿಲ್ಲ. ನಮ್ಮವರ ಜೊತೆ ಮಾತಾಡಿಸು ಎಂದು ಕೂಗುತ್ತಿದ್ದರು. ಮೌರೀನ್ ಆ ಕರೆಗಳನ್ನು ತನ್ನ ಕಡೆಗೆ ತೆಗೆದುಕೊಂಡು, “ಅವಳು ನಮ್ಮವಳೇ. ಈಗ ನಿನ್ನ ಪೈಪಿನ ಕಥೆ ಹೇಳು” ಅನ್ನುತ್ತಿದ್ದಳು.

ಯೂನಿಯನ್ ಮೀಟಿಂಗ್ ಊರಿನ ಕೆಲಸಗಾರರ ಕ್ಲಬ್ಬಿನಲ್ಲಿ ಸೇರಿತು. ಹಳೆಯ ಕಾರ್ಖಾನೆಯ ಫೋಟೋಗಳು ತೂಗುಹಾಕಿದ್ದ ಹಾಲು. ಮೆರವಣಿಗೆಗೆಂದು ಬೋರ್ಡುಗಳನ್ನು ಬರೆದು ತಂದಿದ್ದರು. ಒಂದರ ಮೇಲೆ ಪೇಟ ಸುತ್ತಿದ ಮನುಷ್ಯನೊಬ್ಬ ಹಲ್ಲು ಕಿರಿಯುತ್ತ ಫೋನ್ ಹಿಡಿದ ಚಿತ್ರ ಇತ್ತು. ನಾನು ಬಾಗಿಲ ಹತ್ತಿರ ನಿಂತಿದ್ದೆ. ಮೌರೀನ್ ಎದ್ದುಹೋಗಿ ಆ ಬೋರ್ಡನ್ನು ಮೊಣಕಾಲಿಗೆ ಹಾಕಿ ಮುರಿದಳು.

“ಅಲ್ಲಿ ಕೆಲಸಕ್ಕೆ ಸೇರೋರು ನಮ್ಮ ಮಕ್ಕಳ ವಯಸ್ಸಿನವರು. ಅವರು ಏನೂ ಕದ್ದಿಲ್ಲ. ಕಿತ್ಕೊಂಡು ಹೋಗ್ತಿರೋರು ಮೇಲಿನ ಮಹಡೀಲಿ ಕೂತಿದಾರೆ. ಇದು ಗೊತ್ತಿಲ್ಲದೋರು ಮೆರವಣಿಗೆಗೆ ಬರೋದು ಬೇಡ” ಎಂದಳು.

ಒಬ್ಬಿಬ್ಬರು ಎದ್ದು ಹೋದರು. ಉಳಿದವರು ಒಂದು ನಿರ್ಣಯ ಮಾಡಿದರು: ನಮ್ಮ ಜಾಗಕ್ಕೆ ಬರುವವರಿಗೆ ನಾವು ಕೆಲಸ ಕಲಿಸಿಕೊಡುವುದಿಲ್ಲ. ಕಲಿಸಿಕೊಡದಿದ್ದರೆ ಕಂಪನಿಗೆ ಕೆಲಸ ಸಾಗಿಸುವುದು ಕಷ್ಟ, ಮಾತುಕತೆಗೆ ಬರುತ್ತಾರೆ. ಎಲ್ಲರೂ ಕೈ ಎತ್ತಿದರು. ನಾನೂ ಎತ್ತಿದೆ.

ಅದಾದ ಮೂರು ವಾರಕ್ಕೆ ಅಮ್ಮನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು. ಮಾತು ತೊದಲಿತು. ಫೋನಿನಲ್ಲಿ ಅಮ್ಮ ನನ್ನ ಹೆಸರು ಹೇಳಲು ಮಾಡಿದ ಪ್ರಯತ್ನವನ್ನು ಇಲ್ಲಿ ಬರೆಯಲಾರೆ. ಅದೇ ವಾರ ಮ್ಯಾನೇಜರ್ ನನ್ನನ್ನು ಒಳಗೆ ಕರೆದ. ಬೆಂಗಳೂರಿನಲ್ಲಿ ಆರು ವಾರ ಟ್ರೇನಿಂಗ್ ಕೊಡಬೇಕು, ನಿನಗೆ ಅಲ್ಲಿನ ಭಾಷೆಯೂ ಬರುತ್ತದೆ, ಹೋಗಿಬರುವ ಖರ್ಚು ಕಂಪನಿಯದು, ಬಂದ ಮೇಲೆ ಇಲ್ಲಿ ಉಳಿಯುವ ಸಣ್ಣ ತಂಡದಲ್ಲಿ ನಿನಗೆ ಜಾಗ ಇದೆ ಎಂದ.

ಮಂಜುನಾಥ್ ಒಪ್ಪಲಿಲ್ಲ. “ಅಮ್ಮನ್ನ ನೋಡ್ಬೇಕು ಅಂದ್ರೆ ರಜಾ ಹಾಕಿ ಹೋಗು. ಹೆಂಗಾದ್ರೂ ಮಾಡೋಣ. ಇದಕ್ಕೂ ಅದಕ್ಕೂ ಗಂಟು ಹಾಕ್ಬೇಡ” ಎಂದರು.

ನಾನು ಗಂಟು ಹಾಕಿದೆ. ರಜೆಯಲ್ಲಿ ಹೋದರೆ ಹತ್ತು ದಿನ, ಹೀಗೆ ಹೋದರೆ ಪ್ರತಿ ವಾರವೂ ಅಮ್ಮನ ಬಳಿ ಇರಬಹುದು ಎಂದು ಹೇಳಿಕೊಂಡೆ. ಅದು ಸುಳ್ಳಲ್ಲ. ಆದರೆ ಆ ಸಣ್ಣ ತಂಡದಲ್ಲಿ ಒಂದು ಕುರ್ಚಿ ಉಳಿಯುತ್ತದೆಂಬ ಆಸೆಯೂ ಅಷ್ಟೇ ನಿಜ. ಮತ್ತೆ ಆ ಮನೆಯಲ್ಲಿ, ಆ ಮೌನದಲ್ಲಿ, ಗಂಟೆ ಹೇಳುವ ನಂಬರಿಗೆ ಫೋನ್ ಮಾಡುತ್ತ ಕೂರುವ ಧೈರ್ಯ ನನಗಿರಲಿಲ್ಲ.

ಕ್ಯಾಂಟೀನಿನಲ್ಲಿ ಮೌರೀನಳಿಗೆ ಹೇಳಿದೆ. ಅವಳು ತನ್ನ ಬುತ್ತಿ ಮುಚ್ಚಿದಳು.

“ಹೋಗಿ ನಿನ್ನಮ್ಮನ್ನ ನೋಡ್ಕೊಂಡು ಬಾ” ಎಂದಳು. ಆ ಮಾತಿನ ಕೊನೆಗೆ ಎಂದಿನಂತೆ ಬರಬೇಕಿದ್ದ ‘ಪೆಟ್’ ಬರಲಿಲ್ಲ.

ಬೆಂಗಳೂರಿನ ಕಟ್ಟಡ ಗಾಜಿನದು. ಮೇಜುಗಳ ಬಣ್ಣವೂ ನಮ್ಮ ತಗಡಿನ ಕಟ್ಟಡದಲ್ಲಿದ್ದದ್ದೇ. ಇಪ್ಪತ್ತೈದು ಹುಡುಗ ಹುಡುಗಿಯರು ನೋಟ್ ಪುಸ್ತಕ ತೆರೆದು ಕೂತಿದ್ದರು. ನಾನು ಉತ್ತರ ಇಂಗ್ಲೆಂಡಿನ ಮಾತು ಕಲಿಸಿದೆ. ಒಡೆದ ಪೈಪಿನ ಬಗ್ಗೆ, ಹಾರಿದ ಹೆಂಚಿನ ಬಗ್ಗೆ ಕಲಿಸಿದೆ. ಅಳುವವರನ್ನು ಮೊದಲು ಕೂರಿಸಿ, ನಂಬರ್ ಆಮೇಲೆ ಕೇಳಿ ಎಂದೆ. ಎಲ್ಲರೂ ಬರೆದುಕೊಂಡರು. ಮೌರೀನ್ ಇಪ್ಪತ್ತು ವರ್ಷದಲ್ಲಿ ಸಂಪಾದಿಸಿದ್ದನ್ನು ನಾನು ಒಂದು ಮಧ್ಯಾಹ್ನದಲ್ಲಿ ಹಂಚಿ ಮುಗಿಸಿದೆ.

ಆ ಗುಂಪಿನಲ್ಲಿ ಶೋಭಾ ಎಂಬ ಹುಡುಗಿ ಇದ್ದಳು. ಶಿವಮೊಗ್ಗದಾಚೆಯ ಕುಂಸಿಯವಳು. ಅಪ್ಪ ಲಾರಿಗೆ ಜೋಳದ ಮೂಟೆ ತುಂಬುವ ಹಮಾಲಿ, ಮನೆಯಲ್ಲಿ ಡಿಗ್ರಿ ಮಾಡಿದವಳು ಇವಳೊಬ್ಬಳೇ. ನಾನು ಒಮ್ಮೆ ಮರೆತು “ಅಯ್ಯೋ ಮಾರಾಯ್ತಿ” ಎಂದದ್ದೇ ಅವಳು ನಾನು ತಮ್ಮ ಕಡೆಯವಳೆಂದು ಹಿಡಿದಳು. ಶನಿವಾರ ಬೆಳಗ್ಗೆ ಇಬ್ಬರೂ ಒಂದೇ ಬಸ್ಸಿನಲ್ಲಿ ಹೊರಟೆವು. ಕಡೂರು ದಾಟಿದ ಮೇಲೆ ಅವಳು ಕೇಳಿದಳು.

“ಮೇಡಂ, ಅಲ್ಲಿ ಈ ಕೆಲ್ಸ ಮಾಡ್ತಿದ್ರಲ್ಲ, ಅವ್ರೆಲ್ಲ ಈಗ ಏನ್ ಮಾಡ್ತಾರೆ?”

ಯಾರೂ ಕೇಳಿರದ ಪ್ರಶ್ನೆ. ನಾನು ಮೌರೀನಳ ಬಗ್ಗೆ ಹೇಳಿದೆ. ಮುರಿದ ಬೋರ್ಡಿನ ಬಗ್ಗೆ, ಎತ್ತಿದ ಕೈಗಳ ಬಗ್ಗೆ, ನನ್ನ ಕೈಯ ಬಗ್ಗೆಯೂ ಹೇಳಿದೆ.

ತರೀಕೆರೆ ಹತ್ತಿರ ಶೋಭಾ ಮತ್ತೆ ಕೇಳಿದಳು. “ನಾನು ಸೇರ್ದೇ ಇದ್ದಿದ್ರೆ ಆಯಮ್ಮನ ಕೆಲ್ಸ ಉಳೀತಿತ್ತಾ ಮೇಡಂ?”

“ಇಲ್ಲ. ನಿನ್ನ ಜಾಗಕ್ಕೆ ಇನ್ನೊಬ್ರು ಬರ್ತಿದ್ರು.”

“ಹೌದು. ಆದ್ರೂ ಊಟ ಗಂಟಲಲ್ಲಿ ಇಳಿಯಲ್ಲ ಮೇಡಂ ಇನ್ಮೇಲೆ. ನೀವು ಹೇಳ್ಬಾರ್ದಿತ್ತು” ಎಂದಳು. ಆಮೇಲೆ, “ಇಲ್ಲ, ಹೇಳಿದ್ದೇ ಒಳ್ಳೇದಾಯ್ತು ಬಿಡಿ” ಎಂದಳು.

ಭದ್ರಾವತಿಯಲ್ಲಿ ನಾನು ಇಳಿದೆ. ಅಮ್ಮ ಎಡಗೈಯಿಂದ ನನ್ನ ಮುಖವನ್ನು ತಡಕಿ ತಡಕಿ ನೋಡಿದಳು. ಅಪ್ಪ ಅಕ್ಕಿರೊಟ್ಟಿ ತಟ್ಟುವುದನ್ನು ಕಲಿತಿದ್ದರು. ಅಚ್ಚು ಎತ್ತಿ ಎತ್ತಿ ಗಂಟುಗಟ್ಟಿದ ಆ ಬೆರಳುಗಳು ಹಿಟ್ಟಿನ ಮೇಲೆ ಅಷ್ಟು ಮೆತ್ತಗೆ ಓಡಾಡುವುದನ್ನು ನಾನು ಕಂಡಿರಲಿಲ್ಲ. ಮಧ್ಯಾಹ್ನ ಊಟವಾಗಿ ಅಮ್ಮ ಮಲಗಿದ ಮೇಲೆ, ರಜೆಯ ಮೇಲೆ ಬಂದಿದ್ದೇನೆಂದು ಹೇಳಿದ್ದ ಸುಳ್ಳನ್ನು ನಾನೇ ಬಿಚ್ಚಿದೆ. ನಿರ್ಣಯದ ವಿಷಯವನ್ನೂ, ಬಸ್ಸಿನಲ್ಲಿ ಶೋಭಾ ಕೇಳಿದ್ದನ್ನೂ ಹೇಳಿದೆ.

ಅಪ್ಪ ಚಪ್ಪಲಿ ಮೆಟ್ಟಿ ಹೊರಟರು. ನಾನು ಹಿಂದೆಯೇ ಹೋದೆ. ಭದ್ರಾ ಸೇತುವೆಯ ನಡುವೆ ನಿಂತರು. ಕೆಳಗೆ ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ಸಂಜೆಯ ಬಿಸಿಲು ನೀರಿನ ಮೇಲಿತ್ತು.

“ಕೈ ಎತ್ತಿದ್ಯಾ?”

“ಎತ್ತಿದ್ದೆ ಅಪ್ಪ.”

“ಎತ್ತಿ ಬಂದ್ಯಾ.”

ನಾನು ತಲೆ ತಗ್ಗಿಸಿದೆ. ಅಪ್ಪ ಬೇರೆಯೇ ವಿಷಯ ತೆಗೆದರು.

“ಲಾರಿ ಬಂದಿದ್ದು ನಿಂಗೆ ಗೊತ್ತಿಲ್ಲ. ನೀನಾಗ ಶಿವಮೊಗ್ಗದಲ್ಲಿ ಕಾಲೇಜು. ಮಾಲೀಕ ನಮ್ಮನ್ನ ತೆಗ್ದು ಕಂಟ್ರಾಕ್ಟ್‌ನೋರನ್ನ ಹಾಕೋಕೆ ಹೊರಟ. ಧರ್ಮಪುರಿ ಕಡೆಯಿಂದ ಒಂದು ಲಾರಿ ಜನ ತರ್ಸಿದ. ಹೆಂಡ್ತಿ ಮಕ್ಕಳು, ಪಾತ್ರೆ ಪಗಡೆ ಸಮೇತ. ನಾವು ಗೇಟಿಗೆ ಅಡ್ಡ ಕೂತ್ವಿ. ಬೆಳಗ್ಗೆಯಿಂದ ಸಂಜೆವರೆಗೂ ಲಾರಿ ಬಿಸಿಲಲ್ಲೇ ನಿಂತಿತ್ತು. ಒಬ್ಬಳು ಹೆಂಗಸು, ಕಂಕುಳಲ್ಲಿ ಮಗು, ಇಳಿದು ಬಂದು ತಮಿಳಲ್ಲಿ ನೀರು ಕೇಳಿದ್ಲು. ನಂಗೆ ತಮಿಳು ಬರುತ್ತೆ, ಈ ಊರಲ್ಲಿ ಯಾರಿಗೆ ಬರಲ್ಲ? ನಮ್ಮ ಹತ್ರ ಕೊಡ ತುಂಬ ನೀರಿತ್ತು.”

“ಕೊಟ್ರಾ?”

“ಕೊಡ್ಬೇಡಿ ಅಂದೆ. ನೀರು ಕೊಟ್ರೆ ಇಲ್ಲೇ ಬೀಡು ಬಿಡ್ತಾರೆ ಅಂದೆ. ಎಲ್ರೂ ನನ್ನ ಮಾತು ಕೇಳಿದ್ರು. ಸೆಕ್ರೆಟರಿ ನೋಡು.” ಅಪ್ಪ ಸೇತುವೆಯ ಕಂಬಿ ಹಿಡಿದುಕೊಂಡರು. “ಲಾರಿ ವಾಪಸ್ ಹೋಯ್ತು. ನನ್ನನ್ನ ಹೆಗಲ ಮೇಲೆ ಕೂರ್ಸಿ ಮೆರವಣಿಗೆ ಮಾಡಿದ್ರು. ಎರಡು ವರ್ಷಕ್ಕೆ ಫೌಂಡ್ರಿನೂ ಮುಚ್ತು. ಗೆದ್ದಿದ್ದು ಏನೂ ನೆನಪಿಲ್ಲ ಈಗ. ಆ ಹೆಂಗಸು ಹಂಗೇ ತಿರುಗಿ ಹೋಗಿ ಲಾರಿ ಹತ್ತಿದ್ದು ಮಾತ್ರ ನೆನಪಿದೆ.”

ನಾನು ಕೇಳಿದೆ. “ನಾನು ಮಾಡಿದ್ದು ತಪ್ಪಲ್ಲ ಅಲ್ವಾ ಹಂಗಾದ್ರೆ?”

“ತಪ್ಪೇ. ಅದನ್ನ ಬೇರೆ ನನ್ನ ಬಾಯಲ್ಲಿ ಸರಿ ಅನ್ನಿಸ್ಕೊಳ್ಳೋಕೆ ಬರ್ಬೇಡ” ಎಂದರು. ಮನೆಯ ಕಡೆ ತಿರುಗಿದ ಮೇಲೆ ಮಾತ್ರ ಮೆಲ್ಲಗೆ, “ಆ ಕುಂಸಿ ಹುಡುಗಿಗೆ ನಮ್ಮ ಮನೆ ಫೋನ್ ನಂಬರ್ ಕೊಡು. ಅವ್ಳಿಗೂ ಒಂದಿನ ಬರುತ್ತೆ ಇದು” ಎಂದರು.

ನಾನು ತಿರುಗಿ ಹೋದಾಗ ತಗಡಿನ ಕಟ್ಟಡದಲ್ಲಿ ಅರ್ಧ ಕುರ್ಚಿಗಳು ಖಾಲಿಯಾಗಿದ್ದವು. ಯೂನಿಯನ್ ಇನ್ನೂ ಎರಡು ಮೆರವಣಿಗೆ ತೆಗೆಯಿತು, ಪಾರ್ಲಿಮೆಂಟಿನವರೆಗೂ ಹೋಗಿ ಬಂದಿತು. ಕೆಲಸದಿಂದ ತೆಗೆಯುವಾಗ ಕೊಡುವ ಪರಿಹಾರದ ಹಣವನ್ನು ಕಂಪನಿ ಸ್ವಲ್ಪ ಏರಿಸಿತು, ಅಷ್ಟೆ. ಮೌರೀನ್ ಕೊನೆಯ ದಿನ ಎಲ್ಲರ ಕೈ ಕುಲುಕಿದಳು. ನನ್ನದನ್ನೂ ಕುಲುಕಿದಳು, ಮುಖ ನೋಡಲಿಲ್ಲ. ಆಮೇಲೆ ಅವಳು ಊರಿನ ಸೂಪರ್ ಮಾರ್ಕೆಟ್ಟಿನಲ್ಲಿ ಬಿಲ್ ಹಾಕುವ ಕೆಲಸಕ್ಕೆ ಸೇರಿದಳು. ನಾನು ಸಾಮಾನು ಕೊಳ್ಳಲು ಹೋದರೆ ಬೇರೆ ಸಾಲಿನಲ್ಲಿ ನಿಲ್ಲುತ್ತಿದ್ದೆ. ತಪ್ಪಿ ಅವಳ ಸಾಲಿಗೆ ಬಂದರೆ “ಚೀಲ ಬೇಕಾ?” ಎಂದಷ್ಟೇ ಕೇಳುತ್ತಿದ್ದಳು. ನಮ್ಮೂರಿನಲ್ಲಾಗಿದ್ದರೆ ಜಗಳವಾಗುತ್ತಿತ್ತು, ಬೀದಿ ಸೇರುತ್ತಿತ್ತು, ಯಾರೋ ಹಿರಿಯರು ನಡುವೆ ಬಂದು ಇಬ್ಬರನ್ನೂ ಬೈದು ಕಾಫಿ ಕುಡಿಸುತ್ತಿದ್ದರು. ಇಲ್ಲಿನ ಸಿಟ್ಟಿಗೆ ಸದ್ದಿಲ್ಲ. ಅದಕ್ಕೇ ಅದು ಮುಗಿಯುವುದೂ ಇಲ್ಲ.

ಅಮ್ಮ ಆ ಚಳಿಗಾಲ ತೀರಿಕೊಂಡಳು. ನಾನು ತಲುಪುವ ಹೊತ್ತಿಗೆ ಎಲ್ಲ ಮುಗಿದಿತ್ತು. ಮುಂದಿನ ವರ್ಷ ಆ ಸಣ್ಣ ತಂಡವನ್ನೂ ಮುಚ್ಚಿದರು. ಮೌರೀನಳ ಜಾಗದಲ್ಲಿ ಯೂನಿಯನ್ ಪ್ರತಿನಿಧಿಯಾಗಲು ಯಾರೂ ಇರಲಿಲ್ಲವೆಂದು, ಕೊನೆಯ ಮಾತುಕತೆಗೆ ಎಂಟು ಜನರ ಪರವಾಗಿ ಕೂತವಳು ನಾನು. ಈಗ ಮಂಜುನಾಥರ ಆಸ್ಪತ್ರೆಯಲ್ಲೇ ಟೆಲಿಫೋನ್ ಬೋರ್ಡಿನಲ್ಲಿದ್ದೇನೆ. ಶಿವಮೊಗ್ಗದಲ್ಲಿ ಎಲ್ಲಿಂದ ಎದ್ದಿದ್ದೆನೋ ಅಂಥದೇ ಕುರ್ಚಿಗೆ ಬಂದು ಕೂತಿದ್ದೇನೆ.

ಶೋಭಾಳ ಫೋನ್ ಬಂದದ್ದು ಅದಾದ ಮೇಲೆ. ತಮ್ಮ ಕೆಲಸವನ್ನು ಮನಿಲಾಕ್ಕೆ ಕಳಿಸುತ್ತಾರೆಂದು ಸುದ್ದಿ, ಕೇಳಿದರೆ ಯಾರೂ ಬಾಯಿ ಬಿಡುತ್ತಿಲ್ಲ ಎಂದಳು. “ಮನಿಲಾದೋರಿಗೆ ನಾವೇ ಕಲಿಸ್ಬೇಕಂತೆ ಮೇಡಂ” ಎಂದು ನಗಲು ನೋಡಿದಳು, ಆಗಲಿಲ್ಲ. ಅಲ್ಲಿ ಯೂನಿಯನ್ ಎಂಬುದೇ ಇರಲಿಲ್ಲ. ಹಿಂದೆ ಕೊಟ್ಟಿದ್ದ ಅಪ್ಪನ ಫೋನ್ ನಂಬರನ್ನು ನಾನು ನೆನಪಿಸಿದೆ.

ಅಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಭದ್ರಾವತಿಯಿಂದ ಬಸ್ಸು ಹತ್ತಿ ಹೋದರಂತೆ. ಶಿವಮೊಗ್ಗ ಬಸ್‌ಸ್ಟ್ಯಾಂಡ್ ಹತ್ತಿರದ ಹೋಟೆಲಿನಲ್ಲಿ ರಜೆಗೆ ಊರಿಗೆ ಬಂದಿದ್ದ ಶೋಭಾ, ಅವಳ ಜೊತೆ ಇನ್ನೂ ಮೂವರು ಕಾದಿದ್ದರು. ಮಸಾಲೆದೋಸೆ ಆರಿಹೋಗುವವರೆಗೂ ಅಪ್ಪ ಅವರಿಗೆ ಪತ್ರ ಬರೆಯುವುದು ಹೇಗೆಂದು ಹೇಳಿಕೊಟ್ಟರು. ಬೇಡಿಕೆ ಒಂದೇ ಇರಲಿ. ಎಂದು, ಎಲ್ಲಿಗೆ, ಎಷ್ಟು ಜನರ ಕೆಲಸ ಹೋಗುತ್ತದೆ ಎಂಬುದನ್ನು ಮೊದಲೇ ಬರೆದು ತಿಳಿಸಿ ಎಂದು ಕೇಳಿ. ಸಹಿಗಳನ್ನು ಮೇಲೆ ಕೆಳಗೆ ಹಾಕಬೇಡಿ, ಮೊದಲು ಯಾರು ಎಂದು ಗೊತ್ತಾಗದಂತೆ ಸುತ್ತ ಹಾಕಿ ಎಂದರು. ಹನ್ನೊಂದು ಜನ ಸುತ್ತಲೂ ಸಹಿ ಹಾಕಿದರು.

ಪತ್ರ ಕೊಟ್ಟ ವಾರದಲ್ಲಿ ಆ ಹನ್ನೊಂದು ಜನರನ್ನೇ ಮೊದಲು ಮನೆಗೆ ಕಳಿಸಿದರು.

ಅಪ್ಪ ಫೋನಿನಲ್ಲಿ ಅತ್ತರು. ಅಮ್ಮ ಹೋದಾಗಲೂ ನನಗೆ ಕೇಳುವಂತೆ ಅತ್ತಿರಲಿಲ್ಲ. “ಮಕ್ಕಳನ್ನ ಬೀದಿಗೆ ತಂದೆ ಕಣಮ್ಮ. ಮುದುಕ, ಸುಮ್ನೆ ಮನೇಲಿರ್ಬೇಕಿತ್ತು.” ಶೋಭಾ ಹಾಗೆ ಅನ್ನಲಿಲ್ಲ. ಅವಳೀಗ ಶಿವಮೊಗ್ಗದ ಒಂದು ಮೊಬೈಲ್ ಅಂಗಡಿಯಲ್ಲಿದ್ದಾಳೆ. “ಬರ್ದಿದ್ದಕ್ಕೆ ಬೇಜಾರಿಲ್ಲ ಮೇಡಂ. ಇನ್ನೂ ಮೊದ್ಲೇ ಬರೀಬೇಕಿತ್ತು” ಎಂದಳು.

ಅಪ್ಪನ ಫೋನು ಬಂದ ಮರುದಿನ ಮಧ್ಯಾಹ್ನ ನಾನು ಬೇಕೆಂದೇ ಮೌರೀನಳ ಸಾಲಿನಲ್ಲಿ ನಿಂತೆ. ನನ್ನ ಸರದಿ ಬಂದಾಗ, ಅವಳು ಚೀಲದ ವಿಷಯ ಕೇಳುವ ಮೊದಲೇ ಎಲ್ಲವನ್ನೂ ಹೇಳಿದೆ. ಬೆಂಗಳೂರಿನ ಆ ಕಟ್ಟಡದ ಕೆಲಸವೂ ಮತ್ತೊಂದು ದೇಶಕ್ಕೆ ಹೋಗುತ್ತಿದೆ, ಹನ್ನೊಂದು ಜನ ಸಹಿ ಹಾಕಿದರು, ಹನ್ನೊಂದು ಜನರನ್ನೂ ತೆಗೆದರು. ಮೌರೀನ್ ಕೈಯಲ್ಲಿದ್ದ ಹಾಲಿನ ಕ್ಯಾನನ್ನು ಕೆಳಗಿಟ್ಟಳು. ಎರಡು ವರ್ಷಗಳ ಮೇಲೆ ಮೊದಲ ಸಲ ನನ್ನ ಕಣ್ಣು ನೋಡಿದಳು.

“ಅವರ ಹೆಸರೇನು?”

ಶೋಭಾ, ನಾಗವೇಣಿ, ರೇಷ್ಮಾ, ಸುನಿಲ್, ಕವಿತಾ, ಹರೀಶ್, ಮಾಲಿನಿ, ಫರ್ಜಾನ, ಲೋಕೇಶ್, ಚೈತ್ರಾ. ಒಂದೊಂದನ್ನೂ ಅವಳು ತನಗೆ ಬಂದಂತೆ ಹಿಂದೆ ಹಿಂದೆಯೇ ಹೇಳಿದಳು. ನನ್ನ ಹಿಂದಿನ ಸಾಲಿನಲ್ಲಿ ಯಾರೋ ನಿಟ್ಟುಸಿರು ಬಿಟ್ಟರು. ಹನ್ನೊಂದನೆಯ ಹೆಸರು ನನಗೆ ನೆನಪಾಗಲಿಲ್ಲ. ಆರು ವಾರ ನನ್ನೆದುರು ಕೂತಿದ್ದ ಮುಖ, ಹೆಸರು ಮಾತ್ರ ಬರಲಿಲ್ಲ.

“ಕೇಳ್ಕೊಂಡು ಬಾ” ಎಂದಳು ಮೌರೀನ್. “ನಮ್ಮ ಅಂಗಡಿ ಯೂನಿಯನ್ನಿನ ಮುಂದಿನ ಮೀಟಿಂಗಲ್ಲಿ ಓದ್ಬೇಕು.”

ಮನೆಗೆ ಬಂದವಳು ಕೋಟನ್ನೂ ಬಿಚ್ಚದೆ ಭದ್ರಾವತಿಗೆ ಫೋನ್ ಮಾಡಿದೆ. ಅಲ್ಲಿ ಸಂಜೆಯಾಗಿತ್ತು. ಅಪ್ಪನಿಗೆ ಕೇಳಿದೆ, ಆ ಹನ್ನೊಂದನೆಯವರು ಯಾರು ಎಂದು.

“ಯಾಕೆ? ಯಾರಿಗೆ ಬೇಕಂತೆ?”

“ನಮ್ಮವ್ರಿಗೆ ಅಪ್ಪ. ಮೀಟಿಂಗಲ್ಲಿ ಓದ್ತಾರಂತೆ.”

“ನಮ್ಮವ್ರು ಅಂದ್ರೆ ಯಾರು ಕಣಮ್ಮ? ಅಲ್ಲಿಯೋರಾ, ಇಲ್ಲಿಯೋರಾ?”

ನಾನು ಪೆನ್ನು, ಕಾಗದ ಹತ್ತಿರಕ್ಕೆ ಎಳೆದುಕೊಂಡೆ. ಅವರ ಹಿಂದೆ ರಸ್ತೆಯಲ್ಲಿ ಬಸ್ಸೊಂದು ಹಾದುಹೋಯಿತು, ನನ್ನ ಪಕ್ಕದ ಗೋಡೆಯಾಚೆ ಯಾರೋ ಕೆಮ್ಮಿದರು.

“ಇರ್ಲಿ ಬಿಡು” ಎಂದರು ಅಪ್ಪ. “ಪುಷ್ಪಲತಾ ಅಂತ. ಬರ್ಕೋ. ತಪ್ಪಿಲ್ದೆ ಬರ್ಕೋ.”